ಕಥೆ ಮುಗಿದರೂ ಯಾರೂ ಎದ್ದು ಹೋಗಲಿಲ್ಲ

ತೀರ್ಥಹಳ್ಳಿ ಮೇಷ್ಟ್ರು

2022ರ ಏಪ್ರಿಲ್‌ನಲ್ಲಿ ಮೊಮ್ಮಗನ ಹಟಕ್ಕೆ ಸೋತು ಶಿವಮೊಗ್ಗಕ್ಕೆ ಹೋಗಿ ಕೆಜಿಎಫ್‌ನ ಎರಡನೆಯ ಅಧ್ಯಾಯವನ್ನು ನೋಡಿದ್ದೆ. ನಾಯಕ ಬಂಗಾರದ ಸಮೇತ ಸಮುದ್ರದ ಪಾಲಾದ. ತಾಯಿಗೆ ಕೊಟ್ಟ ಮಾತು ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಮನಸ್ಸಿಗೆ ಇಳಿಯಿತು. ಕುರ್ಚಿಯ ಕೆಳಗಿಟ್ಟಿದ್ದ ಕೊಡೆಯನ್ನು ತಡಕಿಕೊಂಡು ಎದ್ದು ನಿಂತೆ. ಮೊಮ್ಮಗ ಅಂಗಿಯ ತುದಿ ಹಿಡಿದೆಳೆದು, "ಕೂತ್ಕೋ ಅಜ್ಜ, ಇನ್ನೂ ಇದೆ" ಎಂದ. ಸುತ್ತ ನೋಡಿದರೆ ಎದ್ದವನು ನಾನೊಬ್ಬನೇ. ತೆರೆಯ ಮೇಲೆ ಹೆಸರುಗಳು ಹರಿದು ಹೋಗುತ್ತಿದ್ದವು. ಆಮೇಲೆ ಒಂದು ಪುಟ್ಟ ದೃಶ್ಯ ಬಂತು: ಅದೇ ನಾಯಕ ಹೊರದೇಶಗಳಲ್ಲಿ ಮಾಡಿದ ಅಪರಾಧಗಳ ಕಡತ, ಅದರ ಬೆನ್ನಿಗೆ ಮೂರನೆಯ ಅಧ್ಯಾಯದ ಸುಳಿವು. ಅವನು ಸತ್ತಾಗ ಬೀಳದಷ್ಟು ಶಿಳ್ಳೆ ಈ ಕಡತ ತೆರೆದಾಗ ಬಿತ್ತು.

ಅಂದಿನಿಂದ ಕಾಡುತ್ತಿರುವ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು. ಕಥೆಗೆ ಆದಿ, ಮಧ್ಯ, ಅಂತ್ಯ ಇರಬೇಕೆಂದು ಕರಿಹಲಗೆಯ ಮೇಲೆ ಬರೆದು ಬರೆದು ಕೈ ಸವೆದಿದೆ. ಅಧ್ಯಾಯ, ಭಾಗ, ಯೂನಿವರ್ಸ್ ಎಂದು ಸರಣಿಯಾಗಿ ಬರುತ್ತಿರುವ ಈ ಚಿತ್ರಗಳಲ್ಲಿ ಅಂತ್ಯವೆಂಬುದು ಮುಂದಿನ ಚಿತ್ರದ ಜಾಹೀರಾತಾಗಿ ಮಾರ್ಪಟ್ಟಿದೆಯೇ? ಸಾವಿನ ಮೇಲೆ ನೀರು ಮುಚ್ಚಿ ಐದು ನಿಮಿಷವೂ ಆಗುವ ಮೊದಲು ಆ ಸಾವಿನ ಬಗ್ಗೆ ಅನುಮಾನ ಹುಟ್ಟಿಸಿದರೆ, ಅಷ್ಟು ಹೊತ್ತು ನಾವು ಪಟ್ಟ ಸಂಕಟಕ್ಕೆ ಏನು ಬೆಲೆ?

ದುರ್ಗಿಗುಡಿ ಫಸ್ಟ್ ಶೋ

ಮೇಷ್ಟ್ರೇ, ಆ ದಿನ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬನಿರಬಹುದು, ಆದ್ದರಿಂದ ಉತ್ತರ ಕೊಡುವ ಹೊಣೆ ನನ್ನ ಮೇಲಿದೆ. 2018ರ ಡಿಸೆಂಬರ್‌ನಲ್ಲಿ ಬಂದ ಮೊದಲ ಅಧ್ಯಾಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಖಳನಾಯಕ ಗರುಡನನ್ನು ಕೊಲ್ಲುವ ಕೆಲಸ ಒಪ್ಪಿಕೊಂಡು ನಾಯಕ ಗಣಿಯೊಳಗೆ ಹೋಗುತ್ತಾನೆ, ಕೊನೆಗೆ ಕೊಲ್ಲುತ್ತಾನೆ. ಹಿಡಿದ ಕೆಲಸ ಅಲ್ಲಿಗೆ ಮುಗಿಯಿತು. ಎರಡನೆಯದು ಬಾರದೇ ಇದ್ದಿದ್ದರೂ ನಾನು ಕೊಟ್ಟ ಟಿಕೆಟ್ಟಿನ ಹಣ ಸಂದಿತ್ತು. ಭಾಗಗಳಿದ್ದ ಮಾತ್ರಕ್ಕೆ ಅಂತ್ಯವಿಲ್ಲ ಎನ್ನುವುದು ಸರಿಯಲ್ಲ.

ಇನ್ನೊಂದು ಮಾತು. ಸರಣಿಯಿಂದ ಮಾತ್ರ ಸಿಗುವ ರಸವೊಂದಿದೆ, ಅದನ್ನು ಒಂಟಿ ಚಿತ್ರ ಕೊಡಲಾರದು. ಅಮೆರಿಕದ ಮಾರ್ವೆಲ್ ಕಂಪನಿಯ ಅತಿಮಾನುಷ ವೀರರ ಸರಣಿಯಲ್ಲಿ, 2015ರ ಅವೆಂಜರ್ಸ್ ಚಿತ್ರದಲ್ಲಿ, ಗೆಳೆಯರೆಲ್ಲ ಮೋಜಿಗೆ ಥಾರ್‌ನ ಸುತ್ತಿಗೆಯನ್ನು ಎತ್ತಲು ನೋಡುತ್ತಾರೆ. ಯೋಗ್ಯನಲ್ಲದವನ ಕೈಗೆ ಅದು ಬರುವುದಿಲ್ಲ. ಕ್ಯಾಪ್ಟನ್ ಅಮೆರಿಕ ಹಿಡಿದಾಗ ಮಾತ್ರ ಕೂದಲೆಳೆಯಷ್ಟು ಅಲುಗುತ್ತದೆ, ಥಾರ್‌ನ ಮುಖದ ನಗು ಒಂದು ಕ್ಷಣ ಮಾಯವಾಗುತ್ತದೆ. ನಾಲ್ಕು ವರ್ಷದ ಮೇಲೆ, 2019ರ ಎಂಡ್‌ಗೇಮ್‌ನಲ್ಲಿ, ಆ ಸುತ್ತಿಗೆ ಹಾರಿ ಬಂದು ಅವನ ಕೈ ಸೇರಿದಾಗ ಚಿತ್ರಮಂದಿರದಲ್ಲಿ ಕಿವಿ ಕಿವುಡಾಗುವಷ್ಟು ಕೂಗಿದ್ದೇವೆ. ಅದು ಆ ಸರಣಿಯ 22ನೆಯ ಚಿತ್ರ. ದ್ರೌಪದಿಯ ಮುಡಿ ಬಿಚ್ಚಿದ್ದು ಸಭಾಪರ್ವದಲ್ಲಿ, ಅದನ್ನು ಕಟ್ಟಿದ್ದು ಯುದ್ಧದಲ್ಲಿ. ನಡುವೆ ಎಷ್ಟು ಪರ್ವಗಳಿವೆ ಎಂದು ನೀವೇ ನಮಗೆ ಪಾಠ ಮಾಡಿದವರಲ್ಲವೇ?

ಮೇಳದ ಮರುಳ, ಹೊಸನಗರ

ಫಸ್ಟ್ ಶೋ ಅವರ ಪರವಾಗಿ ಯಕ್ಷಗಾನದ ಕಡೆಯಿಂದ ಒಂದು ಸಾಕ್ಷಿ. ಪಾತ್ರವನ್ನು ಎತ್ತಿ ಮೆರೆಸುವ ಪ್ರವೇಶವನ್ನು, ಹೊಸ ಪೀಳಿಗೆಯವರು ಎಲಿವೇಷನ್ ಸೀನ್ ಎಂದು ಕರೆಯುವುದನ್ನು, ನಮ್ಮ ಅಜ್ಜಂದಿರು ಒಡ್ಡೋಲಗ ಎಂದು ಕರೆದರು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ತೆರೆ ಒಡ್ಡೋಲಗವನ್ನು ನಡುರಾತ್ರಿ ಗದ್ದೆಯಲ್ಲಿ ಕುಳಿತು ನೋಡಿದವರಿಗೆ ಇದು ಗೊತ್ತು. ಇಬ್ಬರು ಹಿಡಿದ ತೆರೆಯ ಹಿಂದೆ ಚಂಡೆಯ ಪೆಟ್ಟಿಗೆ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ, ಆಮೇಲೆ ಬೆರಳು, ಆಮೇಲೆ ಅರ್ಧ ಮುಖ. ಪೂರ್ತಿ ಮುಖ ಕಾಣುವ ಹೊತ್ತಿಗೆ ತಾಯಂದಿರ ಮಡಿಲಲ್ಲಿದ್ದ ಮಕ್ಕಳು ಅಳಲು ಶುರು ಮಾಡಿರುತ್ತವೆ. ಬಂದವನು ಯಾರು, ಅವನ ಗತಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದ ಪಾತ್ರವನ್ನು ಮತ್ತೆ ಮತ್ತೆ ನೋಡಲು ಹೋಗುವುದು ನಮಗೆ ಅಮೆರಿಕದವರು ಕಲಿಸಿದ ಚಾಳಿಯಲ್ಲ.

ಮುಂದುವರಿದ ಭಾಗ ಎಂಬುದಂತೂ ಇನ್ನೂ ಹಳೆಯದು. ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ನಿರ್ದೇಶಕ ಬದಲಾದ ಎರಡನೆಯ ಭಾಗ. ಜನ ಯಾರ ಪದ್ಯವನ್ನು ಗಮಕಿಗಳ ಬಾಯಲ್ಲಿ ಉಳಿಸಿಕೊಂಡರು ಎಂಬುದು ಬೇರೆ ವಿಚಾರ.

ತೀರ್ಥಹಳ್ಳಿ ಮೇಷ್ಟ್ರು

ಹಳೆಯ ಕಾವ್ಯಕ್ಕೆ ಇಳಿದಿರಿ, ನನಗೆ ಅನುಕೂಲವೇ ಆಯಿತು. ಮಹಾಭಾರತವೆಂಬ ದೊಡ್ಡ ಸರಣಿಯಿಂದ ಕೊನೆಯ ದಿನವನ್ನು ಮಾತ್ರ ಎತ್ತಿಕೊಂಡು ಕಾವ್ಯ ಕಟ್ಟಿದವನು ರನ್ನ. ಓದುಗ ಹಿಂದಿನ ಹದಿನೇಳು ದಿನಗಳನ್ನು ಓದಿಕೊಂಡೇ ಬರಲಿ ಎಂದು ಅವನು ಅಪೇಕ್ಷಿಸಲಿಲ್ಲ. ಸಿಂಹ ನಡೆಯುತ್ತ ನಡೆಯುತ್ತ ತಿರುಗಿ ನೋಡುವಂತೆ, ದುರ್ಯೋಧನ ಹೆಣಗಳ ನಡುವೆ ಕಾಲಿಟ್ಟು ಹೋಗುವಾಗ ಎದುರಾಗುವ ಒಂದೊಂದು ಶವದ ಬಳಿಯೂ ಕಥೆಯನ್ನು ಹಿಂದಕ್ಕೆ ಹೊರಳಿಸಿದ. ಸಿಂಹಾವಲೋಕನ ಎಂಬ ಮಾತನ್ನು ನಾವು ಇಂದು ಸಭೆಗಳಲ್ಲಿ ಸವಕಲು ಮಾಡಿಟ್ಟಿದ್ದೇವೆ, ಆದರೆ ಅದರ ಕಸುಬು ದೊಡ್ಡದು: ಹಿಂದಿನ ಕಥೆ ಗೊತ್ತಿಲ್ಲದವನಿಗೆ ಗೊತ್ತಾಗಬೇಕು, ಗೊತ್ತಿದ್ದವನಿಗೆ ಹೊಸ ನೋವಾಗಬೇಕು.

ಈಗಿನ ಸರಣಿಗಳಲ್ಲಿ ಈ ಸೌಜನ್ಯ ಕಾಣೆಯಾಗಿದೆ ಎಂಬುದು ನನ್ನ ದೂರು. ಮೊಮ್ಮಗ ಮನೆಯಲ್ಲಿ 2022ರ ಡಾಕ್ಟರ್ ಸ್ಟ್ರೇಂಜ್ ಚಿತ್ರವನ್ನು ಹಾಕಿದ್ದ. ಒಬ್ಬ ಹೆಂಗಸು ತನ್ನ ಮಕ್ಕಳಿಗಾಗಿ ಲೋಕಗಳನ್ನೇ ಸೀಳಲು ಹೊರಟಿದ್ದಾಳೆ. ಯಾವ ಮಕ್ಕಳು, ಯಾವಾಗ ಕಳೆದುಹೋದರು ಎಂದು ಕೇಳಿದರೆ, ಅದಕ್ಕೆ ಹಿಂದಿನ ವರ್ಷ ಬಂದ ಒಂಬತ್ತು ಕಂತಿನ ಧಾರಾವಾಹಿಯನ್ನು ನೋಡಬೇಕಿತ್ತು ಎಂಬ ಉತ್ತರ ಬಂತು. ತಾಯಿಯ ದುಃಖಕ್ಕೂ ಹೋಮ್‌ವರ್ಕ್ ಮಾಡಿಕೊಂಡು ಬರಬೇಕೇ?

ರೀಲು ಪೆಟ್ಟಿಗೆ, ಭದ್ರಾವತಿ

ಎಲ್ಲರೂ ಕವಿಗಳ ಕಡೆಯಿಂದ ಮಾತನಾಡುತ್ತಿದ್ದೀರಿ. ನಾನು ಪ್ರೊಜೆಕ್ಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕುಳಿತವನು, ದುಡ್ಡಿನ ಕಡೆಯಿಂದ ಹೇಳುತ್ತೇನೆ. ಕಥೆ ಬದಲಾದದ್ದು ಬರೆಯುವವರ ಮನಸ್ಸಿನಿಂದಲ್ಲ, ಪೆಟ್ಟಿಗೆಯಿಂದ.

ನಮ್ಮ ಕಾಲದಲ್ಲಿ ಚಿತ್ರವೆಂದರೆ ತಗಡಿನ ಪೆಟ್ಟಿಗೆಯಲ್ಲಿ ಬರುವ ರೀಲು. ಪ್ರಿಂಟುಗಳು ಕಡಿಮೆ, ಊರುಗಳು ಹೆಚ್ಚು. ಬೆಂಗಳೂರಿನಲ್ಲಿ ಓಡಿದ ಚಿತ್ರ ಶಿವಮೊಗ್ಗಕ್ಕೆ ಬಂದು, ಇಲ್ಲಿ ವಾರಗಟ್ಟಲೆ ಓಡಿ, ಗೀರು ಬಿದ್ದ ಮೇಲೆ ಭದ್ರಾವತಿ, ಸಾಗರ, ತೀರ್ಥಹಳ್ಳಿ ಎಂದು ಹೊರಟು, ಕೊನೆಗೆ ಯಾವುದೋ ಜಾತ್ರೆಯ ಟೂರಿಂಗ್ ಟಾಕೀಸನ್ನು ಸೇರುತ್ತಿತ್ತು. ನಮ್ಮಲ್ಲಿಗೆ ಬರುವ ಮೊದಲೇ ಚಿತ್ರ ಹೇಗಿದೆ ಎಂಬ ಸುದ್ದಿ ಬಸ್ಸಿನ ಕಂಡಕ್ಟರ್‌ಗಳ ಬಾಯಲ್ಲಿ ಬಂದಿರುತ್ತಿತ್ತು. ಮೊದಲ ವಾರ ಖಾಲಿ ಹೊಡೆದು ಮೂರನೆಯ ವಾರ ತುಂಬಿದ ಚಿತ್ರಗಳನ್ನು ನಾನೇ ಓಡಿಸಿದ್ದೇನೆ. ಅಂದರೆ ಕಥೆಗೆ ತನ್ನನ್ನು ತಾನು ಪರಿಚಯಿಸಿಕೊಳ್ಳಲು ಪುರುಸೊತ್ತಿತ್ತು. ಈಗ ಉಪಗ್ರಹದಿಂದಲೋ ಹಾರ್ಡ್ ಡಿಸ್ಕಿನಿಂದಲೋ ಒಂದೇ ಶುಕ್ರವಾರ ಎಲ್ಲ ಊರುಗಳಲ್ಲಿ, ಐದು ಭಾಷೆಗಳಲ್ಲಿ ಚಿತ್ರ ತೆರೆಯುತ್ತದೆ. ಸೋಮವಾರದೊಳಗೆ ಹಣೆಬರಹ ತೀರ್ಮಾನವಾಗುತ್ತದೆ. ಮೂರು ದಿನಗಳಲ್ಲಿ ಯಾರೂ ಹೊಸಬರ ಪರಿಚಯ ಮಾಡಿಕೊಳ್ಳುವುದಿಲ್ಲ, ಮೊದಲೇ ಪರಿಚಯವಿದ್ದವರ ಮನೆಗೇ ಹೋಗುತ್ತಾರೆ. ಎರಡನೆಯ ಭಾಗಕ್ಕೆ ಇರುವ ದೊಡ್ಡ ಬಲ ಇಷ್ಟೇ: ಅದರ ನಾಯಕ ಯಾರೆಂದು ಯಾರಿಗೂ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಇದು ಬಹಳ ಮೊದಲೇ ಆಯಿತು. 1975ರ ಜಾಸ್ ಚಿತ್ರವನ್ನು ಟಿವಿಯಲ್ಲಿ ದೊಡ್ಡದಾಗಿ ಪ್ರಚಾರ ಮಾಡಿ ದೇಶದ ನೂರಾರು ಚಿತ್ರಮಂದಿರಗಳಲ್ಲಿ ಒಟ್ಟಿಗೆ ತೆರೆದರು. ಎರಡು ವರ್ಷದ ಮೇಲೆ ಬಂದ ಸ್ಟಾರ್ ವಾರ್ಸ್‌ಗೆ ಜಾರ್ಜ್ ಲೂಕಾಸ್ ಹೆಚ್ಚಿನ ಸಂಬಳಕ್ಕೆ ಪಟ್ಟು ಹಿಡಿಯದೆ, ಮುಂದಿನ ಭಾಗಗಳ ಹಕ್ಕನ್ನೂ ಆಟಿಕೆ, ಅಂಗಿ ಮೊದಲಾದವುಗಳ ಹಕ್ಕನ್ನೂ ಕೈಯಲ್ಲಿಟ್ಟುಕೊಂಡರು. ಸ್ಟುಡಿಯೋದವರಿಗೆ ಆಗ ಅದು ಕಡಲೆಕಾಯಿ ಸಿಪ್ಪೆಯಂತೆ ಕಂಡಿರಬೇಕು. 2009ರಲ್ಲಿ ಮಾರ್ವೆಲ್ಲನ್ನೂ 2012ರಲ್ಲಿ ಲೂಕಾಸ್‌ಫಿಲ್ಮನ್ನೂ ಡಿಸ್ನಿ ಕೊಂಡದ್ದು ಒಂದೊಂದಕ್ಕೂ ಸುಮಾರು 400 ಕೋಟಿ ಡಾಲರ್ ಕೊಟ್ಟು. ಅಷ್ಟು ಹಣ ಸುರಿದವನು ಹಳೆಯ ಚಿತ್ರಗಳಿಗಾಗಿ ಮಾತ್ರ ಸುರಿಯುವುದಿಲ್ಲ, ಆ ಪಾತ್ರಗಳು ಇನ್ನು ಮುಂದೆ ಕೊಡಬೇಕಾದ ಫಸಲಿಗಾಗಿ ಸುರಿಯುತ್ತಾನೆ. ಅಡಿಕೆ ತೋಟ ಕೊಂಡವನು ಮರ ಕಡಿಯುತ್ತಾನೆಯೇ? ಹಾಗಾಗಿ ಪಾತ್ರ ಸಾಯುವಂತಿಲ್ಲ, ಸತ್ತರೂ ಬುಡದಲ್ಲಿ ಚಿಗುರು ಉಳಿಸಿಯೇ ಸಾಯಬೇಕು.

ಹದಿನಾರು ರೀಲಿನ ಕನ್ನಡ ಚಿತ್ರವೆಂದರೆ ಎಂಟನೆಯ ರೀಲಿಗೆ ಮಧ್ಯಂತರ, ಹದಿನೈದರಲ್ಲಿ ಹೊಡೆದಾಟ, ಹದಿನಾರರಲ್ಲಿ ಪೊಲೀಸರು, ಶುಭಂ. ಇಂದು ಮೊದಲ ಭಾಗವೆಂದು ಬರುವ ಹಲವು ಚಿತ್ರಗಳು ನನ್ನ ಲೆಕ್ಕದಲ್ಲಿ ಎಂಟನೆಯ ರೀಲಿಗೆ ನಿಲ್ಲಿಸಿ, ಚಹಾ ಕುಡಿದು ಎರಡು ವರ್ಷ ಬಿಟ್ಟು ಬನ್ನಿ ಎನ್ನುವ ಚಿತ್ರಗಳು.

ದುರ್ಗಿಗುಡಿ ಫಸ್ಟ್ ಶೋ

ಚಹಾದ ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂಬ ಪ್ರಶ್ನೆಯನ್ನು 2015ರಿಂದ 2017ರವರೆಗೆ ಇಡೀ ದೇಶ ಮೆಲುಕು ಹಾಕಿತಲ್ಲ, ಆ ಎರಡು ವರ್ಷವೂ ಕಥೆಯ ಭಾಗವೇ ಎಂದು ನಾನು ತಿಳಿಯುತ್ತೇನೆ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಅದಕ್ಕೆ ಕನಿಷ್ಠ ಇಪ್ಪತ್ತು ಉತ್ತರಗಳಿದ್ದವು. ಅವುಗಳಲ್ಲಿ ಕೆಲವು ತೆರೆಯ ಮೇಲೆ ಬಂದ ಉತ್ತರಕ್ಕಿಂತ ಚೆನ್ನಾಗಿದ್ದವು ಎಂಬುದು ನನ್ನ ಈಗಿನ ಅಭಿಪ್ರಾಯ.

ಹೆಗ್ಗೋಡಿನ ಹಳೆ ಶಿಬಿರಾರ್ಥಿ

ಕಟ್ಟಪ್ಪನ ಪ್ರಶ್ನೆಯಲ್ಲೇ ಈ ಚರ್ಚೆಯ ಗಂಟು ಇದೆ ಎಂದು ನನಗೆ ತೋರುತ್ತದೆ. ನೀವು ಎರಡು ವರ್ಷ ಕೇಳಿದ್ದು "ಯಾಕೆ ಕೊಂದ" ಎಂದು, "ಕೊಂದದ್ದರಿಂದ ಏನಾಯಿತು" ಎಂದಲ್ಲ. ಸರಣಿ ಚಿತ್ರಗಳು ಕುತೂಹಲವನ್ನು ಬೆಳೆಸುತ್ತವೆ, ಪರಿಣಾಮವನ್ನು ಮುಂದೂಡುತ್ತವೆ. ಎಂಡ್‌ಗೇಮ್‌ಗೆ ಹಿಂದಿನ ವರ್ಷ, 2018ರಲ್ಲಿ ಬಂದ ಇನ್‌ಫಿನಿಟಿ ವಾರ್ ಚಿತ್ರದ ಕೊನೆಯಲ್ಲಿ ಲೋಕದ ಅರ್ಧ ಜೀವಿಗಳು ಬೂದಿಯಾಗುತ್ತವೆ. ಸ್ಪೈಡರ್‌ಮ್ಯಾನ್ ಪಾತ್ರದ ಹುಡುಗ ತನ್ನ ಗುರುವಿನ ತೋಳಿನಲ್ಲಿ, ಹೋಗಲಾರೆ ಎಂದು ಗೋಗರೆಯುತ್ತ ಬೂದಿಯಾಗುತ್ತಾನೆ. ಎಂಥ ದೃಶ್ಯ ಅದು! ಆದರೆ ಅದೇ ಸ್ಪೈಡರ್‌ಮ್ಯಾನ್‌ನ ಮುಂದಿನ ಚಿತ್ರ 2019ರ ಜುಲೈನಲ್ಲಿ ಬರುತ್ತದೆಂದು ಆ ವೇಳೆಗಾಗಲೇ ಪ್ರಕಟವಾಗಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಅಳುತ್ತಿದ್ದ ತನ್ನ ತಮ್ಮನಿಗೆ, "ಅಳಬೇಡ, ಮುಂದಿನ ವರ್ಷ ವಾಪಸ್ ಬರ್ತಾನೆ" ಎಂದು ಸಮಾಧಾನ ಹೇಳಿದಳು. ಅವನು ತಕ್ಷಣ ಅಳು ನಿಲ್ಲಿಸಿದ.

ನಮ್ಮದೇ ಉದಾಹರಣೆ ಬೇಕಿದ್ದರೆ ಪ್ರಶಾಂತ್ ನೀಲ್ ಅವರ ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2014ರ ಉಗ್ರಂ ಅವರ ಮೊದಲ ಚಿತ್ರ. ಗೆಳೆಯನಿಗಾಗಿ ಏನನ್ನು ಬೇಕಾದರೂ ಮಾಡುವ ಒಬ್ಬ ಮೌನಿ, ಅವನ ಹಿಂದಿನ ಬದುಕು, ಆ ಗೆಳೆತನ ಮುರಿದು ಬೀಳುವುದು, ಅದರ ಲೆಕ್ಕ ತೀರುವುದು, ಎಲ್ಲವೂ ಒಂದೇ ಚಿತ್ರದಲ್ಲಿ ಮುಗಿದಿತ್ತು. 2023ರಲ್ಲಿ ಅದೇ ಬೀಜವನ್ನು ಅವರು ಸಲಾರ್ ಎಂದು ಮತ್ತೆ ಬಿತ್ತಿದರು. ಊರು ಸಾಮ್ರಾಜ್ಯವಾಯಿತು, ಪಂಗಡಗಳು ಬಂದವು, ವಂಶಾವಳಿ ಬಂತು, ನಕಾಶೆ ಬಂತು. ಚಿತ್ರ ಸುಮಾರು ಮೂರು ಗಂಟೆಗೆ ಬೆಳೆದರೂ ಗೆಳೆತನ ಮುರಿಯುವ ಹೊಸ್ತಿಲಿಗೆ ಬಂದು ನಿಂತುಬಿಟ್ಟಿತು. ಗೆಳೆಯರು ವೈರಿಗಳಾಗುವುದು ಎರಡನೆಯ ಭಾಗಕ್ಕಂತೆ. ಕಥೆಯ ಹೃದಯವನ್ನೇ ಅಡವಿಟ್ಟು ಅರಮನೆ ಕಟ್ಟಿದಂತಾಯಿತು. ಒಬ್ಬನೇ ನಿರ್ದೇಶಕ, ಒಂದೇ ಬೀಜ, ನಡುವೆ ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಮಾರುಕಟ್ಟೆ ಏನು ಮಾಡಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಗೊತ್ತಿಲ್ಲ.

ಹಾಗೆಂದು ಎರಡು ಭಾಗವೆಂದರೆ ಮೂಗು ಮುರಿಯುವವಳಲ್ಲ ನಾನು. ಸಪ್ತ ಸಾಗರದಾಚೆ ಎಲ್ಲೋ ಚಿತ್ರದ ಎರಡು ಭಾಗಗಳೂ 2023ರಲ್ಲೇ, ಮೂರು ತಿಂಗಳೊಳಗೆ ಬಂದವು. ಮೊದಲನೆಯದರಲ್ಲಿ ಮಾಡಿದ ತಪ್ಪಿಗೆ ಎರಡನೆಯದರಲ್ಲಿ ಬೆಲೆ ತೆರಬೇಕಾಗುತ್ತದೆ, ವಯಸ್ಸು ಮುಖದ ಮೇಲೆ ಕಾಣುತ್ತದೆ. ಅಲ್ಲಿ ಭಾಗ ಮಾಡಿದ್ದು ಕಾಲ ಸರಿದದ್ದನ್ನು ತೋರಿಸಲು.

ದುರ್ಗಿಗುಡಿ ಫಸ್ಟ್ ಶೋ

ಸಲಾರ್ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಉಗ್ರಂ ನನಗೂ ಹೆಚ್ಚು ಇಷ್ಟ. ಆದರೆ ಇಲ್ಲಿ ಒಂದು ಹಳೆಯ ಕಾಲದ ಸ್ವರ್ಗ ಕಟ್ಟುತ್ತಿರುವುದನ್ನು ನೋಡಿ ಸುಮ್ಮನಿರಲಾಗದು. ಈ ಸರಣಿಗಳು ಬರುವ ಮೊದಲು ನಮ್ಮ ಜನಪ್ರಿಯ ಚಿತ್ರಗಳೆಲ್ಲ ಹೊಸ ಕಥೆಗಳಿಂದ ತುಳುಕುತ್ತಿದ್ದವೇ? ತಮಿಳಿನಲ್ಲಿ ಓಡಿದ್ದನ್ನು, ತೆಲುಗಿನಲ್ಲಿ ಓಡಿದ್ದನ್ನು, ಮಲಯಾಳದಲ್ಲಿ ಓಡಿದ್ದನ್ನು ತಂದು ರಿಮೇಕ್ ಮಾಡಿದ ವರ್ಷಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಅದೂ ಮೊದಲೇ ಪರಿಚಯವಿದ್ದವರ ಮನೆಗೆ ಹೋದಂತೆಯೇ ಅಲ್ಲವೇ? ಆಪ್ತಮಿತ್ರ 2004ರಲ್ಲಿ ಬಂದದ್ದು 1993ರ ಮಲಯಾಳ ಚಿತ್ರದ ಬಲದಿಂದ, ಆಪ್ತರಕ್ಷಕ 2010ರಲ್ಲಿ ಬಂದದ್ದು ಆಪ್ತಮಿತ್ರದ ಬಲದಿಂದ. ಎರಡನ್ನೂ ಈ ಜಿಲ್ಲೆಯ ಜನ ಎದೆಗವಚಿಕೊಂಡು ನೋಡಿದರು. ಪರಭಾಷೆಯ ಕಥೆ ತಂದು ಬದುಕುತ್ತಿದ್ದ ಉದ್ಯಮ ಇಂದು ತನ್ನ ಕಥೆಯನ್ನು ಉಳಿದ ಭಾಷೆಗಳಿಗೆ ಮಾರುತ್ತಿದ್ದರೆ, ಅದಕ್ಕೆ ದಾರಿ ಮಾಡಿಕೊಟ್ಟದ್ದು ನೀವು ಬೈಯುತ್ತಿರುವ ಈ ಅಧ್ಯಾಯಗಳೇ.

ರೀಲು ಪೆಟ್ಟಿಗೆ, ಭದ್ರಾವತಿ

ಇದನ್ನು ನಾನೂ ಅನುಮೋದಿಸುತ್ತೇನೆ. ಸರಣಿಯೂ ಹೊಸತಲ್ಲ. ರಾಜ್‌ಕುಮಾರ್ ಅವರ ಸಿಐಡಿ 999 ನಿಮಗೆಲ್ಲ ಮರೆತಂತಿದೆ. 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್, 1978ರಲ್ಲಿ ಡೈಮಂಡ್ ರಾಕೆಟ್. ನಾಲ್ಕನ್ನೂ ಮಾಡಿದವರು ದೊರೈ–ಭಗವಾನ್. ಯಾವುದನ್ನು ಮೊದಲು ನೋಡಿದರೂ ನಡೆಯುತ್ತಿತ್ತು. ಮರುಬಿಡುಗಡೆಯ ಪ್ರಿಂಟುಗಳು ಯಾವ ಅನುಕ್ರಮದಲ್ಲಿ ಬರುತ್ತಿದ್ದವೋ ಅದೇ ನಮ್ಮೂರಿನ ಅನುಕ್ರಮ.

ಕೊಪ್ಪದ ಓದುಗಿ

ಇಲ್ಲಿಯವರೆಗೆ ಓದಿಕೊಂಡಷ್ಟೇ ಇದ್ದೆ. ಸಿಐಡಿ 999 ಎಂದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನೆನಪಾದ. ನಮ್ಮ ಅಟ್ಟದ ಮೇಲೆ ಆ ಕಾದಂಬರಿಗಳ ಒಂದು ಗೋಣಿಚೀಲವೇ ಇತ್ತು, ಅರ್ಧದಷ್ಟಕ್ಕೆ ಮುಖಪುಟ ಇರಲಿಲ್ಲ. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟಾಗ ಕೈಗೆ ಸಿಕ್ಕದ್ದನ್ನು ಎಳೆದುಕೊಂಡು ಒಲೆಯ ಪಕ್ಕ ಕುಳಿತರೆ ಸಂಜೆಯೊಳಗೆ ಕೊಲೆಗಾರ ಸಿಕ್ಕಿಬೀಳುತ್ತಿದ್ದ. ಕೊನೆಯ ಹಾಳೆ ಹರಿದುಹೋಗಿದ್ದರೆ ಮಾತ್ರ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಬೇಕಾಗುತ್ತಿತ್ತು. ತೇಜಸ್ವಿಯವರ 'ಕಿವಿ' ಎಂಬ ಹೆಸರಿನ ನಾಯಿ ಕರ್ವಾಲೋದಲ್ಲೂ ಇದ್ದಾನೆ, ಪರಿಸರದ ಕತೆಯಲ್ಲೂ ಇದ್ದಾನೆ. ಎರಡನೆಯ ಪುಸ್ತಕದಲ್ಲಿ ಅವನನ್ನು ಕಂಡಾಗ ಆಗುವುದು ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕ ಸಂತೋಷ, ಅಷ್ಟೇ.

ಯೂನಿವರ್ಸ್ ಎನ್ನುವುದಾದರೆ ನಮ್ಮ ಆಗುಂಬೆಯೇ ಒಂದು ಯೂನಿವರ್ಸ್ ಆಗಿತ್ತು. ಶಂಕರ್ ನಾಗ್ 80ರ ದಶಕದಲ್ಲಿ ಮಾಲ್ಗುಡಿಯನ್ನು ಅಲ್ಲಿ ಕಟ್ಟಿದರು. ಅದೇ ಬೀದಿ, ಅದೇ ಜಗಲಿ, ಆದರೆ ಬಹುಪಾಲು ಕಂತುಗಳು ಅಂದಂದಿಗೇ ಮುಗಿಯುತ್ತಿದ್ದವು. ಒಂದು ಕಂತಿನ ಸಣ್ಣ ಮನುಷ್ಯ ಮುಂದಿನ ಕಂತಿನ ದೊಡ್ಡ ಖಳನಾಗಿ ಮರಳಿ ಬರಲಿಲ್ಲ. ಒಂದು ಊರನ್ನು ನಂಬಿಸಲು ಅದರ ಕಥೆಗಳನ್ನೆಲ್ಲ ಹಗ್ಗ ಹಾಕಿ ಕಟ್ಟಬೇಕಾಗಿಲ್ಲ.

ಮೇಳದ ಮರುಳ, ಹೊಸನಗರ

ಮೊದಲು ಫಸ್ಟ್ ಶೋ ಅವರ ಪರ ನಿಂತವನು ಈಗ ಸ್ವಲ್ಪ ಕಾಲು ಬದಲಿಸುತ್ತಿದ್ದೇನೆ, ಕ್ಷಮಿಸಬೇಕು. ಆಟದಲ್ಲಿ ಪಾತ್ರ ಹಳೆಯದು, ಪ್ರಸಂಗ ಹಳೆಯದು ಎಂದೆ. ಒಂದು ಮಾತು ಬಿಟ್ಟಿದ್ದೆ. ರಾತ್ರಿ ಎಷ್ಟೇ ಪ್ರಸಂಗಗಳಿರಲಿ, ಬೆಳಕು ಹರಿಯುವ ಹೊತ್ತಿಗೆ ಭಾಗವತರು ಮಂಗಳ ಹಾಡುತ್ತಾರೆ. ಆ ವೇಳೆಗೆ ಅಭಿಮನ್ಯು ಸತ್ತಿದ್ದರೆ ಸತ್ತ. ಮರುದಿನ ಬೇರೆ ಊರಿನಲ್ಲಿ ಅದೇ ಕಲಾವಿದ ಅದೇ ಕಿರೀಟ ಕಟ್ಟಿ ಮತ್ತೆ ಚಕ್ರವ್ಯೂಹಕ್ಕೆ ನುಗ್ಗಬಹುದು, ಆದರೆ ನಮ್ಮೂರಿನ ಅಭಿಮನ್ಯು ಬೂದಿಯಿಂದ ಎದ್ದು ಬರುವುದಿಲ್ಲ. ಹಿಂದಿನ ರಾತ್ರಿಯ ಆಟವನ್ನು ನೋಡದವನಿಗೂ ಅಂದಿನ ಆಟ ಪೂರ್ಣವಾಗಿಯೇ ಸಿಗುತ್ತದೆ. ಮತ್ತೊಂದು ವ್ಯತ್ಯಾಸವಿದೆ. ಅರ್ಥಗಾರಿಕೆ, ಅಂದರೆ ಕಲಾವಿದ ರಂಗದಲ್ಲೇ ಕಟ್ಟಿ ಆಡುವ ಮಾತು, ಆಯಾ ರಾತ್ರಿಯದು. ಒಬ್ಬ ಕಲಾವಿದರ ಕರ್ಣ ದಾನಿಯಾಗಿ ಸಾಯುತ್ತಾನೆ, ಇನ್ನೊಬ್ಬರ ಕರ್ಣ ಅವಮಾನಿತನಾಗಿ ಸಾಯುತ್ತಾನೆ. ಪಾತ್ರ ಯಾವ ಕಂಪನಿಯ ಸೊತ್ತೂ ಅಲ್ಲದ್ದರಿಂದ ಆ ಸ್ವಾತಂತ್ರ್ಯ. ಸರಣಿ ಚಿತ್ರಗಳಲ್ಲಿ ಪಾತ್ರ ಹೇಗಿರಬೇಕೆಂಬುದನ್ನು ಹತ್ತು ಚಿತ್ರಗಳ ಮುಂದಿನ ಯೋಜನೆ ತೀರ್ಮಾನಿಸುತ್ತದೆ ಎಂದು ಕೇಳಿದ್ದೇನೆ.

ನಮ್ಮಲ್ಲೂ ಕೊಳೆ ಇದೆ, ಮುಚ್ಚಿಡುವುದಿಲ್ಲ. ಟೆಂಟಿನ ಮೇಳಗಳು ಸಿನಿಮಾ ಕಥೆಗಳನ್ನು ಹೊಸ ಪ್ರಸಂಗಗಳೆಂದು ತಂದವು, ಈಗ ಕಾಲಮಿತಿಯ ಆಟ ಬಂದು ನಡುರಾತ್ರಿಗೇ ಮಂಗಳವಾಗುತ್ತಿದೆ. ಬೇಗ ಹಾಡಿದರೂ ಹಾಡುತ್ತಾರಲ್ಲ ಎಂಬುದು ನನ್ನ ಸಮಾಧಾನ.

ಹೆಗ್ಗೋಡಿನ ಹಳೆ ಶಿಬಿರಾರ್ಥಿ

ಮರುಳರು ಹೇಳಿದ ಮೇಲೆ ಕಾಂತಾರದ ಬಗ್ಗೆ ಹೇಳುವ ಧೈರ್ಯ ಬಂತು. ಘಟ್ಟದ ಕೆಳಗಿನವರು ಜಗಳಕ್ಕೆ ಬರಬಾರದು. 2022ರ ಚಿತ್ರದಲ್ಲಿ ದೈವ ಮೈದುಂಬಿದ ಮನುಷ್ಯ ಕೂಗು ಹಾಕುತ್ತ ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ತಂದೆಯೂ ಹಾಗೆಯೇ ಮಾಯವಾಗಿದ್ದ. ಎಲ್ಲಿಗೆ ಹೋದರು ಎಂದು ಚಿತ್ರ ಹೇಳಲಿಲ್ಲ. ಹೇಳದೇ ಇದ್ದದ್ದರಿಂದ ಆ ರಾತ್ರಿ ಸಾಗರದಿಂದ ಊರಿಗೆ ಬರುವಾಗ ದಾರಿಯ ಎರಡೂ ಬದಿಯ ಕಾಡು ನನಗೆ ಬೇರೆಯಾಗಿಯೇ ಕಂಡಿತು. ನಮ್ಮ ಮನೆಯ ಹಿಂದೆ, ತೋಟಕ್ಕೆ ಇಳಿಯುವಲ್ಲಿ, ಒಂದು ಚೌಡಿಯ ಕಲ್ಲಿದೆ. ಹಲಸಿನ ಬೇರು ಅದನ್ನು ಅರ್ಧ ನುಂಗಿದೆ. ಅಮ್ಮ ವರ್ಷಕ್ಕೊಮ್ಮೆ ಹಣ್ಣುಕಾಯಿ ಮಾಡಿಸುತ್ತಿದ್ದರು. ಚಿಕ್ಕವಳಿದ್ದಾಗ, ಇದು ಇಲ್ಲಿಗೆ ಹೇಗೆ ಬಂತು, ಯಾರು ತಂದರು ಎಂದು ಕೇಳಿದ್ದಕ್ಕೆ "ಇತ್ತು" ಎಂದಷ್ಟೇ ಹೇಳಿ ಕುಂಕುಮ ಒತ್ತಿದರು. 2025ರ ಅಕ್ಟೋಬರ್‌ನಲ್ಲಿ ಬಂದ ಕಾಂತಾರದ ಮೊದಲ ಅಧ್ಯಾಯ ಕದಂಬರ ಕಾಲಕ್ಕೆ ಹೋಗಿ ಹಿಂದಿನ ಕಥೆಯನ್ನು ಭವ್ಯವಾಗಿಯೇ ತೋರಿಸಿತು. ದೃಶ್ಯಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಮ್ಮನ "ಇತ್ತು" ಎಂಬ ಮಾತಿನೊಳಗೆ ಇದ್ದದ್ದಕ್ಕೆ ಅಲ್ಲಿ ರಾಜ, ಕೋಟೆ, ವ್ಯಾಪಾರದ ದಾರಿ ಎಂಬ ವಿಳಾಸ ಸಿಕ್ಕಿತು. ವಿಳಾಸ ಸಿಕ್ಕ ಮೇಲೆ ಕಾಡು ಮತ್ತೆ ಕಾಡಾಯಿತು.

ದುರ್ಗಿಗುಡಿ ಫಸ್ಟ್ ಶೋ

ಇಲ್ಲಿ ನಾನು ನಿಮ್ಮೊಡನೆ ಕೊನೆಯವರೆಗೂ ಜಗಳವಾಡುತ್ತೇನೆ. ಕಾಡಿನ ಜನರಿಗೆ ಗುಟ್ಟು ಮಾತ್ರ ಇರಬೇಕು, ಚರಿತ್ರೆ ಇರಬಾರದು ಎಂದ ಹಾಗಾಯಿತಲ್ಲ ಇದು. ಮೊದಲ ಚಿತ್ರದಲ್ಲಿ ಆ ಜನರ ಭೂಮಿ ಒಬ್ಬ ಅರಸ ಕೊಟ್ಟ ದಾನವಾಗಿತ್ತು. ಹಿಂದಕ್ಕೆ ಹೋದ ಚಿತ್ರದಲ್ಲಿ ಅರಸ ಬರುವ ಮೊದಲೇ ಅವರು ಅಲ್ಲಿದ್ದರು, ತಮ್ಮ ಕಾಡಿಗೆ ತಾವೇ ಕಾವಲಾಗಿದ್ದರು. ಅಷ್ಟು ತಿದ್ದುಪಡಿ ಸಾಧ್ಯವಾದದ್ದು ಎರಡನೆಯ ಚಿತ್ರ ಬಂದದ್ದರಿಂದಲೇ. ನಿಮಗೆ ಭಯಭಕ್ತಿ ಕಡಿಮೆಯಾಗಿರಬಹುದು, ನನಗೆ ಕಥೆಯ ನ್ಯಾಯ ಹೆಚ್ಚಾಯಿತು.

ಹೆಗ್ಗೋಡಿನ ಹಳೆ ಶಿಬಿರಾರ್ಥಿ

ಇದನ್ನು ನಾನು ಯೋಚಿಸಿರಲಿಲ್ಲ. ದಾನದ ವಿಷಯವನ್ನು ಇಟ್ಟುಕೊಂಡು ಮತ್ತೊಮ್ಮೆ ನೋಡುತ್ತೇನೆ. ಚೌಡಿಯ ವಿಷಯದಲ್ಲಿ ಮಾತ್ರ ಅಮ್ಮನ ಪರವೇ.

ತೀರ್ಥಹಳ್ಳಿ ಮೇಷ್ಟ್ರು

ಹಿಂದಕ್ಕೆ ಹೋಗುವುದಕ್ಕೆ ನನ್ನ ವಿರೋಧವೂ ಇಲ್ಲ. ಪಂಪನ ಆದಿಪುರಾಣದಲ್ಲಿ ಆದಿನಾಥನ ಹಿಂದಿನ ಭವಗಳು ಒಂದಾದ ಮೇಲೊಂದು ಬರುತ್ತವೆ. ಲಲಿತಾಂಗನಾಗಿ ಸ್ವಯಂಪ್ರಭೆಯನ್ನು, ವಜ್ರಜಂಘನಾಗಿ ಶ್ರೀಮತಿಯನ್ನು ಅವನು ಪ್ರೀತಿಸುತ್ತಾನೆ, ಭೋಗಕ್ಕೆ ಕೊನೆಯೇ ಇಲ್ಲವೇನೋ ಎನ್ನಿಸುತ್ತದೆ. ಆ ಜನ್ಮಗಳನ್ನೆಲ್ಲ ಪಂಪ ಪೋಣಿಸಿದ್ದು ನೀಲಾಂಜನೆ ಕುಣಿಯುತ್ತ ಕುಣಿಯುತ್ತ ಮಾಯವಾಗುವ ಆ ಒಂದು ಕ್ಷಣಕ್ಕಾಗಿ. ಅಲ್ಲಿ ಅರಸ ಎಲ್ಲವನ್ನೂ ಬಿಟ್ಟು ಏಳುತ್ತಾನೆ. ಹತ್ತು ಭಾಗ ಮಾಡಿ, ನನಗೇನು, ಆದರೆ ನೀಲಾಂಜನೆ ಎಲ್ಲಿದ್ದಾಳೆಂದು ಬರೆಯುವವನಿಗೆ ಮೊದಲ ದಿನವೇ ಗೊತ್ತಿರಬೇಕು. ಮುಂದಿನ ವಾರ ಮೊಮ್ಮಗ ಬರುತ್ತಾನೆ. ಉಗ್ರಂ ಅವನು ನೋಡಿಲ್ಲವಂತೆ, ಹಾಕಿ ಕೂರಿಸುತ್ತೇನೆ. ರೀಲು ಪೆಟ್ಟಿಗೆಯವರೇ, ಈಗಲೂ ಚಿತ್ರಮಂದಿರದ ಕಡೆ ಹೋಗುತ್ತೀರಾ?

ರೀಲು ಪೆಟ್ಟಿಗೆ, ಭದ್ರಾವತಿ

ಸಂಜೆ ಹೊತ್ತು ಹೋಗಿ ಮ್ಯಾನೇಜರ್ ಪಕ್ಕ ಕೂರುತ್ತೇನೆ, ಅಭ್ಯಾಸ ಬಿಡುವುದಿಲ್ಲ. ಮೊದಲೆಲ್ಲ ತೆರೆಯ ಮೇಲೆ ಶುಭಂ ಬಿದ್ದ ಕೂಡಲೇ ನಾನು ಒಂದು ಕೈಯಲ್ಲಿ ಪ್ರೊಜೆಕ್ಟರಿನ ಬೆಳಕು ಮುಚ್ಚಿ ಇನ್ನೊಂದು ಕೈಯಲ್ಲಿ ಹಾಲಿನ ದೀಪ ಹಾಕುತ್ತಿದ್ದೆ. ಎರಡೂ ಒಂದೇ ಸಲ ಆಗಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಜನ ಎಡವುತ್ತಿದ್ದರು. ಈಗ ದೀಪ ಹಾಕುವ ಹುಡುಗನಿಗೆ ಯಾವಾಗ ಹಾಕಬೇಕೆಂಬುದೇ ಗೊಂದಲ. ಬೇಗ ಹಾಕಿದರೆ ಜನ ಬೈಯುತ್ತಾರೆ, ತಡಮಾಡಿದರೆ ಮುಂದಿನ ಆಟಕ್ಕೆ ಹೊತ್ತಾಗುತ್ತದೆ. ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದು ಬಾಗಿಲ ಪರದೆಯನ್ನು ಸರಿಸಿ ಒಳಗೆ ಇಣುಕುತ್ತಾಳೆ. "ಮುಗೀತಾ?" ಎಂದು ಕೇಳುತ್ತಾಳೆ. ಅವನು ನನ್ನ ಮುಖ ನೋಡುತ್ತಾನೆ.